ಎದೆಬಡಿತಕ್ಕೆ ಇನ್ನೊಂದು ಹೆಸರು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿದೆ, ಮಗಳಿಗೆ ಜಡೆ ಹೆಣೆದೆ, ರೊಟ್ಟಿ ಬಡಿಯಲು ಕುಳಿತೆ. ಹಿಟ್ಟು ಅಂಗೈಗೆ ಅಂಟುತ್ತಿತ್ತು. ನೀರು ಹೆಚ್ಚಾಗಿರಲಿಲ್ಲ, ಕೈಯೇ ಬೆವರಿತ್ತು.

ಮುಂದಿನ ವಾರ ಕೊಪ್ಪಳದಲ್ಲಿ ಅವ್ವನ ಕಣ್ಣಿನ ಆಪರೇಷನ್. ಗಂಗಾವತಿಯಿಂದ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕಿತ್ತು. ಹೋದ ವರ್ಷ ಮಾರ್ಕೆಟ್ಟಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಸತ್ತೇ ಹೋದೆ ಅನ್ನಿಸಿದ ಮೇಲೆ ನಾನು ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಡಾಕ್ಟರು ತಪಾಸಣೆ ಮಾಡಿ, ಹೃದಯಕ್ಕೇನೂ ಆಗಿಲ್ಲ, ಇದು ಮನಸ್ಸಿನ ಗಾಬರಿ, ದಿನಾ ಬಿರುಸಾಗಿ ನಡೆಯಿರಿ ಎಂದಿದ್ದರು. ಮನೆಯವರ ಜೊತೆ ಕಾಲುವೆ ದಂಡೆಯ ಮೇಲೆ ನಡೆಯತೊಡಗಿದೆ. ಮನಸ್ಸಿನ ಕಾಯಿಲೆ ಎಂದರೆ ಓಣಿಯವರು ಏನೆಂದುಕೊಂಡಾರೋ ಎಂದು ಅತ್ತೆ ಕೇಳಿದವರಿಗೆಲ್ಲ, "ಆಕಿಗೆ ಶುಗರ್ ಐತ್ರಿ" ಎಂದು ಹೇಳಿಬಿಟ್ಟರು. ಅಂದಿನಿಂದ ಯಾರ ಮನೆಗೆ ಹೋದರೂ ನನಗೆ ಸಪ್ಪನೆ ಚಹಾ. ಕುಡಿದೆ, ಏನು ಮಾಡಲಿ!

ಅಂಜನಾದ್ರಿಯನ್ನು ಒಬ್ಬಳೇ ಹತ್ತಿದರೆ ಬಸ್ಸನ್ನೂ ಹತ್ತಬಲ್ಲೆ ಎಂದು ನಾನೇ ಪಣ ತೊಟ್ಟಿದ್ದೆ. ರೊಟ್ಟಿ ಮುಗಿಸಿ ಹೊರಟೆವು, ಗುಡ್ಡದ ಬುಡದಲ್ಲಿ ಮನೆಯವರು ಗಾಡಿ ನಿಲ್ಲಿಸಿದರು.

"ನಾನೂ ಬರ್ಲೇನು?"

"ಬ್ಯಾಡ್ರಿ. ನೀವು ಬಂದ್ರ ನಾ ಹತ್ತಿದಂಗ ಆಗಂಗಿಲ್ಲ."

"ಆಗಲಿಲ್ಲಂದ್ರ ಫೋನ್ ಹಚ್ಚು. ಮಂಗ್ಯಾ ಕಸಗೊಂಡ್ರ ಮತ್ತ ನಾ ಮಂಗ್ಯಾಗ ಫೋನ್ ಹಚ್ಚಬೇಕಾಗ್ತೈತಿ, ಜ್ವಾಕಿ!"

ನಗು ಬರಲಿಲ್ಲ. ಅರ್ಧ ಗುಡ್ಡ ಏರುವಷ್ಟರಲ್ಲಿ ಹೋದ ವರ್ಷದ ಆ ಗಾಬರಿಯೇ ಬಂತು. ಎದೆ ಹೊಡೆದುಕೊಳ್ಳತೊಡಗಿತು, ಕಿವಿಯಲ್ಲಿ ಗುಂಯ್ ಎಂದಿತು. ಮೆಟ್ಟಿಲ ಮೇಲೆ ಕುಸಿದು ಕೆಳಗೆ ನೋಡಿದರೆ ಹಸಿರು ಗದ್ದೆಗಳೆಲ್ಲ ಓಲಾಡಿದಂತಾಯಿತು. ಫೋನ್ ತೆಗೆದೆ. ಬೆರಳು ಮನೆಯವರ ಹೆಸರಿನ ಮೇಲೆ ನಿಂತಿತ್ತು.

ಅಷ್ಟರಲ್ಲಿ ಹಿಂದಿನಿಂದ ಏರಿ ಬಂದ ದಪ್ಪನೆಯ ಹೆಂಗಸೊಬ್ಬಳು ಧೊಪ್ಪನೆ ಪಕ್ಕದಲ್ಲಿ ಕುಳಿತಳು.

"ಒಂದೀಟು ಸರಿ ಯವ್ವಾ. ನಿನಗೂ ದಮ್ಮು ಹತ್ತೈತೇನ?"

"ಇಲ್ರಿ... ಎದಿ ಹೊಡಕೋಳಾಕತ್ತೈತಿ."

"ಮತ್ತ? ಗುಡ್ಡ ಏರಿದ್ರ ಎದಿ ಹೊಡಕೊಳ್ಳಲಾರದ ಹಾಡ್ತೈತೇನ?"

ಹಿಂದೆಯೇ ಏರಿ ಬಂದ ಅವಳ ಜೊತೆಯವರು ನಕ್ಕರು. ಅವಳ ಕುತ್ತಿಗೆಯ ನರ ಪಟಪಟ ಹಾರುತ್ತಿತ್ತು, ನನ್ನದರಂತೆಯೇ. ಆದರೂ ಅವಳು ಮಂಗಗಳಿಗೆ ಕಾಣದಂತೆ ಸೆರಗಿನ ಮರೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಳು.

ದಮ್ಮು! ಬರೀ ಏದುಸಿರು! ಹೋದ ವರ್ಷದಿಂದ ನಾನು ಈ ಬಡಿತವನ್ನು ಸಾವೆಂದೇ ಕರೆದುಕೊಂಡಿದ್ದೆ. ಕಾಲುವೆ ದಂಡೆಯ ಮೇಲೂ ಎದೆ ಹೀಗೇ ಬಡಿಯುತ್ತಿತ್ತಲ್ಲ, ಮನೆ ಮುಟ್ಟಿ ನೀರು ಕುಡಿಯುವಷ್ಟರಲ್ಲಿ ತಾನೇ ಇಳಿಯುತ್ತಿತ್ತಲ್ಲ. ಇದೂ ಇಳಿಯಬೇಕು. ಇಳಿಯದಿದ್ದರೆ? ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯ ಡ್ರಿಲ್ಲಿನಲ್ಲಿ ಸಿಸ್ಟರ್ ಹೇಳಿಕೊಟ್ಟಂತೆ ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆದೆ, ಬಿಟ್ಟೆ, ಮತ್ತೆ ಎಳೆದೆ. ಪಕ್ಕದವಳ ಬಾಳೆಹಣ್ಣು ಮುಗಿಯಿತು. ನನ್ನ ಬಡಿತ ನಿಲ್ಲಲಿಲ್ಲ, ನಿಧಾನವಾಯಿತು. ಫೋನನ್ನು ಚೀಲಕ್ಕೆ ಹಾಕಿ ಎದ್ದೆ. ಒಂದೊಂದೇ ಮೆಟ್ಟಿಲು ಏರಿದೆ. ಮೇಲೆ ಮುಟ್ಟಿದಾಗ ಹನುಮಪ್ಪನಲ್ಲಿ ಏನಾದರೂ ಬೇಡಿಕೊಳ್ಳಬೇಕೆಂಬುದೇ ಮರೆತುಹೋಗಿತ್ತು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರು, "ಒಬ್ಬರ ಗುಡ್ಡ ಹತ್ತಿದ್ರಂತಲ್ರಿ?"

"ಹೂಂನ್ರಿ. ಮುಂದಿನ ವಾರ ಕೊಪ್ಪಳಕ್ಕೂ ಒಬ್ಬಾಕಿನ ಹೊಂಟೇನ್ರಿ."

ಅವರು ಸೀರೆ ಮಡಚುತ್ತಲೇ ಅಂದರು, "ಛಲೋ ಆತು ಬಿಡ್ರಿ. ನಮ್ಮ ಅತ್ತಿಯವರನ್ನೂ ನಿಮ್ಮ ಜೋಡಿ ಕಳಸ್ತೇನಿ. ಅವರಿಗೆ ಒಬ್ಬರ ಬಸ್ ಹತ್ತಾಕ ಭಾಳ ಅಂಜಿಕಿ."