ಬೀಳಗಿಯ ಏರಿನಲ್ಲಿ ಒಂದು ಕುರಿಮರಿ

ಏರು ಬಂದಾಗ ಸೈಕಲ್ಲಿನಿಂದ ಇಳಿಯುವುದಕ್ಕೆ ನಾನೊಂದು ಗೌರವದ ಹೆಸರು ಇಟ್ಟುಕೊಂಡಿದ್ದೇನೆ: ಇತಿಹಾಸ ವೀಕ್ಷಣೆ. ನಮ್ಮ ಸೀಮೆಯ ಹಳಬರು ಈ ವಿಷಯದಲ್ಲಿ ಬಹಳ ದೊಡ್ಡ ಮನಸ್ಸಿನವರು. ಅರಮನೆ ಕಟ್ಟಿದರೆ ಗುಡ್ಡದ ಮೇಲೆ, ಗುಡಿ ಕಟ್ಟಿದರೆ ದಿನ್ನೆಯ ಮೇಲೆ. ಶತ್ರುಗಳಿಗೆ ಏದುಸಿರು ಬರಲಿ ಎಂದು ಹಾಗೆ ಕಟ್ಟಿದರಂತೆ. ಶತ್ರುಗಳ ಕತೆ ನನಗೆ ಗೊತ್ತಿಲ್ಲ. ಅರವತ್ತೊಂದು ವರ್ಷದ ಒಬ್ಬ ನಿವೃತ್ತ ಗ್ರಂಥಪಾಲಕನ ಮೇಲಂತೂ ಆ ಯುಕ್ತಿ ಇವತ್ತಿಗೂ ನಡೆಯುತ್ತಿದೆ.

ಸೈಕಲ್ ನನಗೆ ಬಂದದ್ದು ಡಾಕ್ಟರ ಕೃಪೆಯಿಂದ. ನಾಲ್ಕೂ ಕಡೆ ಕಬ್ಬು ಬೆಳೆಯುವ ಜಮಖಂಡಿಯಲ್ಲಿ ನನಗೆ ಸಕ್ಕರೆ ಕಾಯಿಲೆ ಬಂದದ್ದು ಊರಿನ ಮೇಲಿನ ಅಭಿಮಾನದಿಂದಲೇ ಇರಬೇಕು. ಸೈಕಲ್ ಕೊಂಡ ಮೇಲೆ ಮೊಬೈಲಿನಲ್ಲಿ ಅಂಥವೇ ವಿಡಿಯೋಗಳು ಬರತೊಡಗಿದವು. ಯಾರೋ ಪುಣ್ಯವಂತರು ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳೆಯ ಕೋಟೆ ಇಟ್ಟುಕೊಂಡು ನಡುವೆ ಸೈಕಲ್ ಹೊಡೆಯುತ್ತಾರೆ. ನನಗೂ ಆಸೆಯಾಯಿತು. ನಮಗೆ ಸಮುದ್ರ ಎಲ್ಲಿಂದ ಬರಬೇಕು? ಆದರೆ ಗಲಗಲಿಯಲ್ಲಿ ಕೃಷ್ಣೆಯ ಹಿನ್ನೀರು ತುಂಬಿ ನಿಂತಾಗ ಆಚೆ ದಡ ಕಾಣಬೇಕಾದರೆ ನನಗೆ ಕನ್ನಡಕ ಬೇಕು. ಕನ್ನಡಕ ತೆಗೆದರೆ ಸಮುದ್ರವೇ.

ಹೀಗೆ ಒಂದು ಚಳಿಗಾಲದ ಬೆಳಿಗ್ಗೆ ಹೊರಟೆ. ಜಮಖಂಡಿಯ ಅರಮನೆಗೆ ಕೆಳಗಿನಿಂದಲೇ ಕೈಮುಗಿದು, ಗಲಗಲಿಯ ನೀರು ನೋಡಿ, ಅಲ್ಲಿಂದ ಬೀಳಗಿಯ ಹಳೆಯ ಕಲ್ಲಿನ ಬಾವಿ. ಬರುವಾಗ ಬಸ್ಸು.

"ಬಾವಿ ಎಲ್ಲರೆ ಓಡಿ ಹೋಗತೈತೇನ್ರಿ? ಹೋಗೂವಾಗೂ ಬಸ್ಸಿನ್ಯಾಗ ಹೋಗ್ರಿ," ಎಂದಳು ಹೆಂಡತಿ. ನಾನು ಕೇಳುವವನಲ್ಲ ಎಂದು ಗೊತ್ತಿದ್ದರಿಂದ ಮೊಣಕಾಲು ನೋವಿನ ಮುಲಾಮಿನ ಡಬ್ಬಿಯನ್ನೂ ಒಂದು ಟವೆಲ್ಲನ್ನೂ ಚೀಲಕ್ಕೆ ಹಾಕಿದಳು.

ನಮ್ಮ ಕಡೆ ವಯಸ್ಸಾದವನು ಸೈಕಲ್ ಮೇಲೆ ದೂರ ಹೊರಟರೆ ಅವನಿಗೆ ಏನೋ ಕಷ್ಟ ಬಂದಿದೆ ಎಂದೇ ಜನ ತಿಳಿಯುತ್ತಾರೆ. "ಬಸ್ ತಪ್ಪಿತೇನ್ರಿ?" ಎಂದು ಒಬ್ಬರು ಬೈಕ್ ನಿಲ್ಲಿಸಿದರು. ಇನ್ನೊಬ್ಬರು ಸೈಕಲ್ ಸಮೇತ ನನ್ನನ್ನು ಟಂಟಂ ಗಾಡಿಗೆ ಏರಿಸಲು ಇಳಿದೇಬಿಟ್ಟರು. ಆರೋಗ್ಯಕ್ಕಾಗಿ ತುಳಿಯುತ್ತಿದ್ದೇನೆ ಎಂದರೆ ಅವರ ಮುಖದಲ್ಲಿ ಮರುಕ ಇನ್ನಷ್ಟು ಹೆಚ್ಚಾಗುತ್ತಿತ್ತು. ಗಲಗಲಿ ಮುಟ್ಟುವ ಹೊತ್ತಿಗೆ ನನಗೂ ನನ್ನ ಮೇಲೆ ಕನಿಕರ ಹುಟ್ಟಿತ್ತು. ನೀರಿನ ದಂಡೆಯಲ್ಲಿ ಕುಳಿತು ಎರಡೂ ಮೊಣಕಾಲಿಗೆ ಧಾರಾಳವಾಗಿ ಮುಲಾಮು ತಿಕ್ಕಿ, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡೆ.

ಅಲ್ಲಿಂದ ಮುಂದೆ, ಬೀಳಗಿ ಇನ್ನೇನು ಬಂತು ಎನ್ನುವಾಗ ಒಂದು ಏರು ಶುರುವಾಗುತ್ತದೆ. ನಿಯಮದಂತೆ ಇಳಿದೆ. ಅದೃಷ್ಟಕ್ಕೆ ರಸ್ತೆಯ ಪಕ್ಕದಲ್ಲೇ ಒಂದು ಕಲ್ಲು ನಿಂತಿತ್ತು. ವೀರಗಲ್ಲೇ ಇರಬೇಕೆಂದು ಕನ್ನಡಕ ಒರೆಸಿ ನೋಡತೊಡಗಿದೆ.

"ಅದೇನ ನೋಡ್ತಿ ತಮ್ಮಾ, ಹೊಲದ ಗಡಿಕಲ್ಲ ಐತಿ ಅದು," ಎಂಬ ದನಿ ಬಂತು. ತಿರುಗಿದರೆ ಕಂಬಳಿ ಹೊದ್ದ ಒಬ್ಬ ಮುದುಕ, ಬೀರಪ್ಪ ಎಂದು ಹೆಸರು, ಕುರಿ ಕಾಯುವವನು. ಒಂದು ಕಾಲು ಎಳೆದು ಹಾಕುತ್ತಿದ್ದ. "ಇದನ್ನ ನೋಡ," ಎಂದು ಕಂಬಳಿ ಸರಿಸಿದ. ಒಳಗೆ ಇನ್ನೂ ಮೈ ಒದ್ದೆಯಿದ್ದ ಕುರಿಮರಿ.

"ಚೊಚ್ಚಲ ಕುರಿ ಐತಿ. ಈದ ಕೂಡ್ಲೇ ಕಬ್ಬಿನ ಟ್ರ್ಯಾಕ್ಟರ್ ಹಾಡ ಹಚ್ಕೊಂಡ ಬಂತು ನೋಡ, ಅಂಜಿ ಮರಿ ಬಿಟ್ಟು ಹಿಂಡಿನ ಹಿಂದ ಓಡಿ ಹೋತು. ಸೊಸಿ ಹಿಂಡ ಹೊಡ್ಕೊಂಡ ಮುಂದ ಹೋಗ್ಯಾಳ. ಅಷ್ಟ ಕುರಿ ಬಿಟ್ಟು ಆಕಿ ಹೊಳ್ಳಿ ಬರಾಕ ಆಗೂದಿಲ್ಲ. ನನ್ನ ಕಾಲ ನಡ್ಯೂದಿಲ್ಲ. ಬೈಕಿನವ್ರು ಇಬ್ಬರು ಹೋದ್ರು, ನಿಂದರಲಿಲ್ಲ."

ನಾನು ನಿಂತಿದ್ದೆ. ನಿಲ್ಲುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

"ಗಿಣ್ಣದ ಹಾಲ ಹೊಟ್ಟಿಗೆ ಬೀಳಬೇಕು ತಮ್ಮಾ. ತಡಾ ಆತಂದ್ರ ತಾಯಿ ಮರತ ಬಿಡತೈತಿ. ಆಮ್ಯಾಲ ಇದು ಉಳ್ಯೂದಿಲ್ಲ."

ಮರಿಯನ್ನು ನನ್ನ ಟವೆಲ್ಲಿನಲ್ಲಿ ಸುತ್ತಿ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಇಟ್ಟೆ. ಬೀರಪ್ಪ ಸೊಸೆಗೆ ಫೋನು ಹಚ್ಚಿದ. "ಮಾಯವ್ವಾ, ಕೆಂಪ ಟೊಪ್ಪಿಗಿ ಹಾಕ್ಕೊಂಡ ಒಬ್ಬ ಮುದುಕ ಬರಾಕತ್ತಾನ, ನೋಡಿಕೋ." ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು ನನ್ನನ್ನು ಮುದುಕ ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಲು ಸಮಯವಿರಲಿಲ್ಲ.

ಏರನ್ನು ನಾನು ತುಳಿದೇ ಹತ್ತಿದೆ. ಹೇಗೆ ಹತ್ತಿದೆ ಎಂದು ಕೇಳಬೇಡಿ. ಮೊದಮೊದಲು ಮರಿ ಸಣ್ಣಗೆ ಒದರುತ್ತಿತ್ತು. ಅರ್ಧ ದಾರಿಯಲ್ಲಿ ಸುಮ್ಮನಾಯಿತು. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಇಡೀ ನೌಕರಿಯಲ್ಲಿ ತಡವಾದರೆ ದಂಡ ಬೀಳುವಂಥ ವಸ್ತುಗಳನ್ನೇ ನೋಡಿಕೊಂಡವನು ನಾನು. ತಡವಾದರೆ ಸಾಯುವಂಥದ್ದನ್ನು ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಒಂದು ಕೈಯಿಂದ ಮರಿಯ ಕಿವಿ ಮುಟ್ಟಿದೆ, ಬೆಚ್ಚಗಿತ್ತು. ಮತ್ತೆ ತುಳಿದೆ. ಕುರಿಗಳು ನಡೆದ ಈ ದಾರಿ ಅರಮನೆಗಳಿಗಿಂತ ಹಳೆಯದಿರಬೇಕು, ಅದಕ್ಕೊಂದು ಶಾಸನವೂ ಇಲ್ಲ ಎಂಬ ದೊಡ್ಡ ವಿಚಾರವೊಂದು ನಡುವೆ ಹೊಳೆಯಿತು. ಉಸಿರು ಸಾಲದೆ ಅಲ್ಲೇ ಬಿಟ್ಟೆ. ನೋಡಬೇಕೆಂದು ಅಷ್ಟು ದೂರದಿಂದ ಬಂದಿದ್ದ ಕಲ್ಲಿನ ಬಾವಿಯ ಫಲಕ ಬಂತು, ಹೋಯಿತು. ದಾರಿಯಲ್ಲಿ ಯಾರಾದರೂ ಬಸ್ಸಿನ ಬಗ್ಗೆ ಕೇಳಿದರೋ ಇಲ್ಲವೋ ನೆನಪಿಲ್ಲ.

ಬೀಳಗಿ ದಾಟುತ್ತಲೇ ಒಂದು ಹೊಲದಲ್ಲಿ ಹಿಂಡು ಸಿಕ್ಕಿತು. ಮಾಯವ್ವ ಆಗಲೇ ಆ ಕುರಿಯನ್ನು ಹಿಡಿದು ರಸ್ತೆಗೆ ಬಂದು ನಿಂತಿದ್ದಳು. ಮರಿಯನ್ನು ಇಳಿಸಿದೆವು. ತಾಯಿ ಮೂಸಿ ನೋಡಿತು. ಮತ್ತೊಮ್ಮೆ ಮೂಸಿತು. ಜೋರಾಗಿ ಸೀನಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

"ಏನ ಹಚ್ಚೀರಿ ಕಾಕಾ ಇದಕ್ಕ?"

ನಾನು ಮೊಣಕಾಲು ತೋರಿಸಿದೆ. ಟವೆಲ್ ತೋರಿಸಿದೆ. ಕಾಡಿನ ಮೂಲಿಕೆಗಳ ಪರಿಮಳ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಮಾತ್ರ ಹೇಳಲಿಲ್ಲ. ಅಷ್ಟು ದೂರ ಜೀವ ಕೈಯಲ್ಲಿ ಹಿಡಿದು ತಂದು, ಅದನ್ನು ಅದರ ತಾಯಿಗೇ ಗುರುತು ಸಿಗದಂತೆ ಮಾಡಿದ್ದೆ. ರಸ್ತೆಯ ಮೇಲೆ ಹಾಗೇ ಕುಕ್ಕರಿಸಿ ಕುಳಿತೆ. ಅಳು ಬರುವುದೊಂದು ಬಾಕಿ.

ಮಾಯವ್ವ ಬೈಯಲಿಲ್ಲ. ಬಾಟಲಿಯ ನೀರಿನಿಂದ ಸೆರಗಿನ ತುದಿ ತೋಯಿಸಿ ಮರಿಯನ್ನು ಒರೆಸಿದಳು. ಕುರಿಯನ್ನು ತನ್ನ ಎರಡು ಕಾಲಿನ ನಡುವೆ ಹಿಡಿದು, ಅದರದೇ ಹಾಲನ್ನು ಅಂಗೈಗೆ ಹಿಂಡಿ ಮರಿಯ ತಲೆ, ಬೆನ್ನು, ಬಾಲಕ್ಕೆಲ್ಲ ಸವರಿದಳು. ಮರಿ ಎದ್ದಿತು, ಬಿದ್ದಿತು. ಎದ್ದು ಮತ್ತೆ ಬಿದ್ದಿತು. ತನ್ನನ್ನು ಯಾರೋ ಬೇಡ ಎಂದಿದ್ದಾರೆಂಬ ಸುದ್ದಿ ಅದಕ್ಕೆ ಇನ್ನೂ ಮುಟ್ಟಿರಲಿಲ್ಲ. ಮೂರನೆಯ ಸಲ ಎದ್ದು ಹೊಟ್ಟೆಯ ಕೆಳಗೆ ನುಗ್ಗಿತು.

"ಬಾಲ ನೋಡ್ರಿ ಕಾಕಾ. ಬಾಲ ಅಳ್ಳಾಡಿತಂದ್ರ ಹಾಲ ಇಳೀತಂತ ತಿಳೀರಿ."

ನಾವಿಬ್ಬರೂ ಆ ಗೇಣುದ್ದದ ಬಾಲವನ್ನೇ ನೋಡುತ್ತ ಕುಳಿತೆವು. ಯಾವ ಸ್ಮಾರಕವನ್ನೂ ನಾನು ಅಷ್ಟು ಹೊತ್ತು ನೋಡಿಲ್ಲ. ಕೊನೆಗೆ ಅದು ಒಮ್ಮೆ ಅಲುಗಿತು. ಆಮೇಲೆ ನಿಲ್ಲಲೇ ಇಲ್ಲ. ಮಾಯವ್ವ ಮೆಲ್ಲಗೆ ಕೈಬಿಟ್ಟು ಎದ್ದಳು, ಕುರಿ ಓಡಲಿಲ್ಲ. ಆದರೆ ಮರಿಯ ಕಡೆ ನೋಡಲೂ ಇಲ್ಲ.

"ಇನ್ನೂ ಸಿಟ್ಟಿನ್ಯಾಗ ಐತಲ್ಲವ್ವಾ," ಎಂದೆ.

"ಇರಲಿ ಬಿಡ್ರಿ. ಇವತ್ತ ಹಾಲ ಕೊಟ್ರ ಸಾಕು. ಪ್ರೀತಿ ನಾಳಿ ಬರತೈತಿ," ಎಂದು ಅವಳು ಉಳಿದ ಕುರಿಗಳ ಕಡೆ ನಡೆದಳು.

ತಾಯಿ ಮುಖವನ್ನು ಹೊಲದ ಆಚೆಗೇ ತಿರುಗಿಸಿಕೊಂಡು ನಿಂತಿತ್ತು. ಹಿಂಗಾಲು ಮಾತ್ರ, ಮರಿಗೆ ಅನುಕೂಲವಾಗಲೆಂದು, ಸ್ವಲ್ಪ ಅಗಲವಾಗಿತ್ತು.