ಪೂಜೆಗೆ ಕೂತ ರೇಡಿಯೋ

ನಾನು ಚಿಕ್ಕವನಿದ್ದಾಗ ಮಹಾ ಬುದ್ಧಿವಂತನಾಗಿದ್ದೆ. ಹಾಗಂತ ನಾನೇ ಅಂದುಕೊಂಡಿದ್ದೆ, ಬೇರೆ ಯಾರೂ ಅಂದದ್ದು ನೆನಪಿಲ್ಲ. ಆ ಬುದ್ಧಿವಂತಿಕೆಯಿಂದ ಮಾಡಿದ ಒಂದು ಕೆಲಸವನ್ನು ಇಂದಿಗೂ ಸರಿಮಾಡಲು ನನ್ನಿಂದ ಆಗಿಲ್ಲ. ಅದನ್ನೇ ಹೇಳುತ್ತೇನೆ ಮಕ್ಕಳೇ, ನಗಬೇಡಿ.

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆ. ನಡುಮನೆಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು. ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು ದೊಡ್ಡದು. ಮರದ ಮೈ, ಒಳಗೆ ಪುಟ್ಟ ಬಲ್ಬಿನಂಥ ಗಾಜಿನ ವಾಲ್ವುಗಳು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ವಾಲ್ವುಗಳು ಕಾಯಬೇಕು, ಬಿಸಿ ಧೂಳಿನ ವಾಸನೆ ಬರಬೇಕು, ಮೂಲೆಯ ಹಸಿರು ದೀಪ ಮೆಲ್ಲಗೆ ಅರಳಬೇಕು, ಆಮೇಲೆ ದನಿ. ತಾರಸಿಯ ಮೇಲೆ ಕಟ್ಟಿದ್ದ ಜಾಲರಿಯಿಂದ ಒಂದು ತಂತಿ ಇಳಿದು ಬಂದು ಅದರ ಬೆನ್ನಿಗೆ ಸೇರುತ್ತಿತ್ತು. ಗಾಳಿಯಲ್ಲಿ ಬಂದ ಹಾಡನ್ನು ಹಿಡಿಯುವುದು ಆ ಜಾಲರಿಯೇ ಎಂದು ಅಪ್ಪ ಹೇಳಿದ್ದರು. ಇನ್ನೊಂದು ತಂತಿ ತುಳಸಿಕಟ್ಟೆಯ ಮಣ್ಣಿಗೆ ಹೋಗುತ್ತಿತ್ತು. ಅಜ್ಜಿ ತುಳಸಿಗೆ ನೀರು ಹಾಕಿ ಆ ಮಣ್ಣು ಒದ್ದೆಯಾದಾಗಲೆಲ್ಲ ರೇಡಿಯೋ ಚೆನ್ನಾಗಿ ಕೇಳುತ್ತಿತ್ತು. ಅದು ತಮ್ಮ ಪುಣ್ಯದ ಫಲ ಎಂದೇ ಅಜ್ಜಿ ನಂಬಿದ್ದರು.

ನನಗಾಗ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಅಕ್ಕ ಬಹಳ ಚೆನ್ನಾಗಿ ಹಾಡುತ್ತಿದ್ದಳು. ಆ ವರ್ಷ ಅವಳ ಟೀಚರ್ ಅವಳನ್ನು ರೇಡಿಯೋ ಸ್ಟೇಷನ್ನಿಗೆ ಕರೆದೊಯ್ದು ಒಂದು ಹಾಡು ಹಾಡಿಸಿ ಮುದ್ರಿಸಿದ್ದರು. ದಸರಾ ಮುಗಿದ ಮೇಲೆ ಬರುವ ಭಾನುವಾರ ಮಕ್ಕಳ ಕಾರ್ಯಕ್ರಮದಲ್ಲಿ ಅದು ಪ್ರಸಾರವಾಗುತ್ತದೆ ಅಂದಿದ್ದರು. ಆಗ ನಮ್ಮಂಥವರ ಮನೆಯಲ್ಲಿ ದನಿ ಹಿಡಿದಿಡುವ ಯಂತ್ರ ಇರಲಿಲ್ಲ. ತನ್ನ ದನಿ ಬೇರೆಯವರಿಗೆ ಹೇಗೆ ಕೇಳಿಸುತ್ತದೆ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಅದೇ ಒಂದು ಹುಚ್ಚು. ಹಿತ್ತಾಳೆ ಕೊಡದ ಬಾಯಿಗೆ ಮುಖವಿಟ್ಟು ಹಾಡಿ, ಕಿವಿಗೊಟ್ಟು ಕೇಳುತ್ತಿದ್ದಳು. "ಒಂದೇ ಒಂದು ಸಲ ನನ್ನ ದನೀನ ನಾನೇ ಕೇಳ್ಬೇಕು ಕಣೋ" ಅನ್ನುತ್ತಿದ್ದಳು.

ಆಯುಧ ಪೂಜೆ ಬಂತು. ನಡುಮನೆಯಲ್ಲಿ ಎರಡು ಸಾಲು. ಒಂದು ಕಡೆ ಅಪ್ಪನ ಸೈಕಲ್ಲು, ಈಳಿಗೆ ಮಣೆ, ಸುತ್ತಿಗೆ. ಇನ್ನೊಂದು ಕಡೆ ಸರಸ್ವತಿಗೆಂದು ನಮ್ಮ ಪುಸ್ತಕಗಳು. ಸೈಕಲ್ಲನ್ನು ಮಂಗಳಾರತಿಯಾದ ಮೇಲೆ ಓಡಿಸಬಹುದಿತ್ತು. ಪುಸ್ತಕದ ಸಾಲನ್ನು ಮಾತ್ರ ಮಾರನೆಯ ದಿನ ವಿಜಯದಶಮಿ ಪೂಜೆಯಾಗುವವರೆಗೆ ಮುಟ್ಟುವ ಹಾಗಿರಲಿಲ್ಲ. ಓದುವುದು ತಪ್ಪಿತೆಂಬ ಖುಷಿಗೆ ನಾನು ಲೆಕ್ಕದ ಪುಸ್ತಕವನ್ನು ಎಲ್ಲರಿಗಿಂತ ಮೊದಲೇ ಇಟ್ಟಿದ್ದೆ. ಆಗ ನನ್ನ ಅತಿಬುದ್ಧಿ ಎದ್ದು ಕೂತಿತು. "ರೇಡಿಯೋನೂ ಇಡಿ, ಅಕ್ಕನ ಹಾಡು ಬರೋದು ಅದರಲ್ಲೇ ಅಲ್ವಾ? ಅದೂ ಸರಸ್ವತೀನೇ" ಎಂದು ಹಟ ಹಿಡಿದೆ. ಅಜ್ಜಿ ಕರಗಿಹೋದರು. ಭಾನುವಾರ ಇನ್ನೂ ದೂರವಿತ್ತು. ಅಪ್ಪ ತಂತಿಗಳನ್ನು ಬಿಚ್ಚಿ, ರೇಡಿಯೋವನ್ನು ಇಳಿಸಿ, ಪುಸ್ತಕಗಳ ಪಕ್ಕ ಮಣೆಯ ಮೇಲಿಟ್ಟರು. ಗುಂಡಿಗಳಿಗೆ ಅರಿಶಿನ ಕುಂಕುಮ ಹಚ್ಚಿದವನು ನಾನೇ. ಅಕ್ಕ ಸೇವಂತಿಗೆ ಹಾರ ಹಾಕಿ ಕೈಮುಗಿದಳು.

ಅಂದು ಸಂಜೆ ಎದುರುಮನೆ ಮಾಮ ಬೀದಿ ಕೊನೆಯ ಹೋಟೆಲಿನಿಂದ ಏದುಸಿರು ಬಿಡುತ್ತಾ ಬಂದರು. "ಏನ್ರೀ, ಇನ್ನೂ ರೇಡಿಯೋ ಹಾಕಿಲ್ವಾ? ಹಬ್ಬ ಅಂತ ಮಕ್ಕಳ ಕಾರ್ಯಕ್ರಮ ಇವತ್ತೇ ಇಟ್ಟವ್ರೆ! ನಿಮ್ಮ ಮಗಳ ಹೆಸರು ಹೇಳಿದ್ರು ಕಣ್ರೀ, ಈಗಲೇ ಸುರುವಾಯ್ತದೆ!"

ಎಲ್ಲರೂ ರೇಡಿಯೋ ಕಡೆ ನೋಡಿದೆವು. ಅದು ಹಾರ ಹಾಕಿಕೊಂಡು ದೇವರ ಹಾಗೆ ಸುಮ್ಮನೆ ಕೂತಿತ್ತು. ಅಪ್ಪ ಕೈ ಚಾಚಿದರು. "ಮುಟ್ಬೇಡ! ಸರಸ್ವತಿಗೆ ಇಟ್ಟಿದ್ದನ್ನ ನಾಳೆ ಪೂಜೆ ಆಗ್ದೆ ತೆಗೀತಾರೇನೋ?" ಅಂದರು ಅಜ್ಜಿ. ಅಪ್ಪನ ಕೈ ಹಿಂದೆ ಬಂತು. ಅಕ್ಕ "ಅಪ್ಪಾ" ಅಂದಳು. ಕೈ ಮತ್ತೆ ಮುಂದೆ ಹೋಯಿತು. ಅಜ್ಜಿ ಕೆಮ್ಮಿದರು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿದ್ದರು ಅಪ್ಪ. ಬೀದಿಯಲ್ಲಿ ಹೋಟೆಲು ಬಿಟ್ಟರೆ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಹೆಣ್ಣುಮಕ್ಕಳು ಹೋಟೆಲಿನ ಮುಂದೆ ನಿಲ್ಲುವ ಕಾಲ ಅದಾಗಿರಲಿಲ್ಲ. ಅಕ್ಕ ಎಲ್ಲಿಗೂ ಹೋಗುವಂತಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಅದನ್ನು ನೋಡಲಾರದೆ ಅಜ್ಜಿಯೂ ಸೆರಗು ಬಾಯಿಗಿಟ್ಟುಕೊಂಡು, "ಹಾಕ್ಬುಡೋ, ತಪ್ಪಾದ್ರೆ ನನಗೇ ಬರ್ಲಿ" ಅಂದುಬಿಟ್ಟರು.

ಅಪ್ಪ ಹಾರ ತೆಗೆದು ತಂತಿ ಹುಡುಕತೊಡಗಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಲ್ಲಾ ನನ್ನಿಂದಲೇ ಆದದ್ದು. ಬರಿಗಾಲಲ್ಲಿ ಹೋಟೆಲಿಗೆ ಓಡಿದೆ. ಲೋಟಗಳ ಸದ್ದಿನ ನಡುವೆ, ಕಾಫಿ ಪುಡಿಯ ಘಮದ ನಡುವೆ, ಗಲ್ಲಾದ ಮೇಲಿನ ರೇಡಿಯೋದಿಂದ ಅಕ್ಕನ ದನಿ ಬರುತ್ತಿತ್ತು. ನನ್ನ ಪಾಲಿಗೆ ಸಿಕ್ಕಿದ್ದು ಕೊನೆಯ ಎರಡೇ ಸಾಲು. ಆಮೇಲೆ ಯಾರೋ ಕಥೆ ಹೇಳತೊಡಗಿದರು.

ಮನೆಗೆ ಬಂದಾಗ ನಮ್ಮ ರೇಡಿಯೋದ ಹಸಿರು ದೀಪ ಆಗಷ್ಟೇ ಅರಳಿತ್ತು. ಅದೇ ಕಥೆ ಅಲ್ಲೂ ಕೇಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಹಾಡು ಮತ್ತೆಂದೂ ರೇಡಿಯೋದಲ್ಲಿ ಬರಲಿಲ್ಲ. ಅಕ್ಕ ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡಳು. "ಕೇಳಿದ್ಯೇನೋ? ಎಂಗಿತ್ತೋ ನನ್ ದನಿ?"

"ಚೆನ್ನಾಗಿತ್ತು."

"ಚೆನ್ನಾಗಿ ಅಂದ್ರೆ ಎಂಗೆ? ಸರಿಯಾಗಿ ಹೇಳೋ!"

ನನಗೆ ಹೇಳಲು ಬರಲಿಲ್ಲ. ಅತ್ತುಬಿಟ್ಟೆ.

ಈಗ ನನ್ನ ಮೊಮ್ಮಗಳು ಮಣಿಕಟ್ಟಿನ ಗಡಿಯಾರಕ್ಕೆ ಮಾತಾಡುತ್ತಾಳೆ. ಅದು ತಕ್ಷಣ ಅವಳದೇ ದನಿಯಲ್ಲಿ ತಿರುಗಿ ಹೇಳುತ್ತದೆ. "ಥೂ, ಚೆನ್ನಾಗಿಲ್ಲ" ಎಂದು ಅಳಿಸಿ ಇನ್ನೊಂದು ಸಲ ಹೇಳುತ್ತಾಳೆ. ನಿಮ್ಮ ಗಡಿಯಾರಕ್ಕೆ ವಾಲ್ವು ಕಾಯಬೇಕಿಲ್ಲ, ತಾರಸಿಯ ಜಾಲರಿ ಬೇಕಿಲ್ಲ, ತುಳಸಿಗೆ ನೀರೂ ಬೇಕಿಲ್ಲ. ನಿಮ್ಮ ದನಿ ಯಾವತ್ತೂ ನಿಮ್ಮ ಕೈಯಲ್ಲೇ ಇರುತ್ತದೆ.

ಕಳೆದ ದಸರೆಗೆ ಕುವೆಂಪುನಗರದ ಅಕ್ಕನ ಮನೆಗೆ ಹೋಗಿದ್ದೆವು. ಮೊಮ್ಮಗಳು ಆ ಹಾಡನ್ನೇ ಅಕ್ಕನಿಂದ ಹಾಡಿಸಿ, ಗಡಿಯಾರದಲ್ಲಿ ಹಿಡಿದು, ಅವಳ ಕಿವಿಯ ಹತ್ತಿರ ಇಟ್ಟಳು. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಕೇಳಿ, "ಇದ್ಯಾರೋ ಮುದುಕಿ ಹಾಡ್ತಾ ಅವ್ಳೆ" ಎಂದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆವತ್ತು ಎಂಗಿತ್ತೋ? ಈಗಲಾದ್ರೂ ಹೇಳೋ."

ಆ ಎರಡು ಸಾಲು ನನ್ನ ಕಿವಿಯಲ್ಲಿ ಇನ್ನೂ ಇವೆ. ಎಷ್ಟು ತಡಕಾಡಿದರೂ ಬಾಯಿಗೆ ಬರುವುದಿಲ್ಲ. ಅವಳ ಕೈ ಹಿಡಿದುಕೊಂಡು, ಏಳು ವರ್ಷದವನ ಹಾಗೆಯೇ ಅಂದೆ.

"ಚೆನ್ನಾಗಿತ್ತು ಕಣಕ್ಕ."