ಅರ್ಧ ಚೆಂಬು ನೀರು

ಬಾಣಂತಿಯ ತಲೆದೆಸೆಯಲ್ಲಿ ಕುಡುಗೋಲು, ಬಾಗಿಲಿಗೆ ಬೇವಿನ ಸೊಪ್ಪು, ಹೊಸಿಲ ಪಕ್ಕ ಹಳೇ ಚಪ್ಪಲಿ ಇಟ್ಟವರನ್ನು ಕಂಡು ನಾನು ಬೇಕಾದಷ್ಟು ನಕ್ಕಿದ್ದೇನೆ. ಬಾಣಂತಿಗೆ ಗಾಳಿ ಸೋಕುತ್ತದೆ, ದೆವ್ವ ಮನುಷ್ಯರ ವೇಷದಲ್ಲೇ ಮನೆಯೊಳಗೆ ಬರುತ್ತದೆ, ಪಾದ ಹಿಂದುಮುಂದಾಗಿದೆಯೇ ನೋಡಿ ಗುರುತು ಹಿಡಿಯಬೇಕು ಎಂದು ಮುದುಕಿಯರು ಹೇಳಿದರೆ, ‘ಮುಂದಿನ ಸಲ ಬಂದರೆ ನನ್ನ ಹತ್ತಿರ ಕಳಿಸಿ, ಒಂದು ಸೂಜಿ ಚುಚ್ಚಿ ಕಳಿಸ್ತೀನಿ’ ಎನ್ನುತ್ತಿದ್ದೆ. ನರ್ಸಿನ ತರಬೇತಿ ಮುಗಿಸಿದ ಗರ್ವ, ಜೊತೆಗೆ ವಯಸ್ಸು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಂಬಿದರೇ ನನಗೆ ಕಷ್ಟ, ಏಕೆಂದರೆ ಆಗ ನನ್ನ ಬಗ್ಗೆಯೂ ಒಂದು ಮಾತನ್ನು ನಂಬಬೇಕಾಗುತ್ತದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತಮೂರು. ಹಿಂದೂಪುರದಲ್ಲಿ ನಮ್ಮ ಮನೆ. ಕೆಲಸ ಸಿಕ್ಕಿದ್ದು ಮಾತ್ರ ಕಲ್ಯಾಣದುರ್ಗದಿಂದ ನಾಲ್ಕು ಮೈಲಿ ಆಚೆಯ ಹಳ್ಳಿಯ ಹೆರಿಗೆ ಕೇಂದ್ರದಲ್ಲಿ. ಕೇಂದ್ರವೆಂದರೆ ಒಂದು ಹೆಂಚಿನ ಕೋಣೆ, ಒಂದು ಬೀರು, ವಯಸ್ಸಾದ ಒಬ್ಬ ಆಯಾ, ನನ್ನ ಕಪ್ಪು ಚೀಲ. ಹೆರಿಗೆಗಳೆಲ್ಲ ಮನೆಗಳಲ್ಲೇ ಆಗುತ್ತಿದ್ದವು. ಬಸುರಿಯರ ಕಾಲು ಊದಿದೆಯೇ ನೋಡುವುದು, ಹೆರಿಗೆ ಮಾಡಿಸುವುದು, ಆಮೇಲೆ ಹತ್ತು ದಿನ ಮನೆಗೆ ಹೋಗಿ ಬಾಣಂತಿಯ ಹೊಟ್ಟೆ ಮುಟ್ಟಿ, ಜ್ವರ ನೋಡಿ, ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಊರ ಹೊರಗಿನ ಕೇರಿಯಲ್ಲಿ ಹನುಮಕ್ಕ ಎಂಬಾಕೆಯ ಗುಡಿಸಲಿತ್ತು. ಅವಳ ಸೊಸೆ ಓಬುಳಮ್ಮನಿಗೆ ಚೊಚ್ಚಲು. ನಾನು ಹೋದಾಗಲೆಲ್ಲ ಹನುಮಕ್ಕ ಚಾಪೆ ಹಾಸುತ್ತಿದ್ದಳು, ನಾನು ಕೂರುತ್ತಿರಲಿಲ್ಲ. ಬಿಸಿಲಲ್ಲಿ ಬೆವರು ಸುರಿಸುತ್ತ ಹೋಗಿದ್ದರೂ ನೀರು ಬೇಕೇ ಎಂದು ಅವಳು ಕೇಳುತ್ತಿರಲಿಲ್ಲ. ನಾನು ಬೇಡ ಎನ್ನುವ ಸಂದರ್ಭವೇ ಬಾರದಂತೆ ಅವಳೇ ನನ್ನ ಮರ್ಯಾದೆ ಕಾಯುತ್ತಿದ್ದಳು. ಅವಳ ಸೊಸೆಯ ಮೈ ಮುಟ್ಟುತ್ತಿದ್ದೆ, ಹೆರಿಗೆಯ ದಿನ ಮೊಣಕೈವರೆಗೆ ರಕ್ತ ಮಾಡಿಕೊಂಡೆ. ರಕ್ತ ಮುಟ್ಟಿದ ಕೈಗೆ ಇಲ್ಲದ ಮಡಿ ನನ್ನ ಗಂಟಲಿಗಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹೆಣ್ಣು ಮಗು, ಸುಸೂತ್ರವಾಗಿ ಆಯಿತು. ಮಾರನೆಯ ದಿನ ಹೋದಾಗ ಓಬುಳಮ್ಮನ ಮೈ ಬೆಚ್ಚಗಿತ್ತು, ತುಟಿ ಬಿರಿದಿತ್ತು. ಕೇಳಿದರೆ, ಹೆರಿಗೆಯಾದಾಗಿನಿಂದ ಒಂದು ತೊಟ್ಟು ನೀರು ಕೊಟ್ಟಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಊದುತ್ತದೆ ಎಂದು ಆ ಕಡೆಯೆಲ್ಲ ನಂಬಿಕೆ. ಕೇರಿಯದ್ದೇನು, ನಮ್ಮ ಮನೆಯಲ್ಲೂ ನನ್ನಕ್ಕನಿಗೆ ಮಗುವಿಗೆ ಹಾಲೆರೆಯುವ ಪುಟ್ಟ ಒಳಲೆಯಲ್ಲೇ ನೀರು ಕೊಟ್ಟಿದ್ದರು. ನಾನು ಚೆನ್ನಾಗಿ ರೇಗಿದೆ. ಕಾಯಿಸಿ ಆರಿಸಿದ ನೀರನ್ನು ಚೆಂಬುಗಟ್ಟಲೆ ಕೊಡಿ, ಇಲ್ಲದಿದ್ದರೆ ಜ್ವರ ಏರುತ್ತದೆ ಎಂದೆ. ಹನುಮಕ್ಕ ಎಲ್ಲವನ್ನೂ ಕೇಳಿ, ಏನೂ ಕೆಟ್ಟದ್ದೆಣಿಸದೆ ಅಂದಳು:

“ನಮ್ ನೀರು ನಿಮ್ಗೇ ಆಗಕಿಲ್ಲ. ಹಸೀ ಮೈಯೋಳಿಗೆ ಆಯ್ತದಾ ತಲ್ಲೀ?”

ಅಲ್ಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ನಕ್ಕರೂ ಮುಖ ಬಿಸಿಯಾಯಿತು. ‘ನಾಳೆ ಬರ್ತೀನಿ, ನನ್ನೆದುರಿಗೇ ಕುಡಿಸಬೇಕು’ ಎಂದು ಎದ್ದುಬಂದೆ. ನಾನು ಹೋಗದಿದ್ದರೆ ಅವರು ಕೊಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಜೆ ಹಿಂದೂಪುರದಿಂದ ಬಂದವರೊಬ್ಬರು ಅಮ್ಮ ಹೇಳಿ ಕಳಿಸಿದ್ದ ಮಾತು ತಂದರು. ಅಕ್ಕ ಬಂದಿದ್ದಾಳೆ, ಎರಡು ದಿನ ಬಂದು ಹೋಗು ಎಂದು. ರಜ ಕೇಳಿದರೆ ಸಿಗುವುದಿಲ್ಲ. ಆಯಾ ಕೂಡ ತನ್ನೂರಿಗೆ ಹೋಗಿದ್ದಳು. ಮೇಜಿನ ಮುಂದೆ ಕುಳಿತು, ಇನ್ನೂ ಬಾರದ ನಾಳೆಯನ್ನು ಪುಸ್ತಕದಲ್ಲಿ ಬರೆದೆ: ‘ಮನೆಗೆ ಹೋಗಿ ನೋಡಿದೆ. ಜ್ವರ ಇಲ್ಲ. ತಾಯಿ, ಮಗು ಕ್ಷೇಮ.’ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ನಸುಕಿನಲ್ಲೇ ಕಲ್ಯಾಣದುರ್ಗಕ್ಕೆ ನಡೆದು ಮೊದಲ ಬಸ್ಸು ಹತ್ತಿದೆ. ಪೆನುಕೊಂಡ ದಾಟುವವರೆಗೂ ನಿದ್ದೆ ಹೊಡೆದೆ.

ಮಧ್ಯಾಹ್ನ ಅಕ್ಕನ ಪಕ್ಕ ಊಟಕ್ಕೆ ಕುಳಿತಾಗ ಎಂಥದೋ ಬಾಯಾರಿಕೆ ಶುರುವಾಯಿತು. ಒಂದು ಲೋಟ, ಎರಡು ಲೋಟ, ಆಮೇಲೆ ಚೆಂಬನ್ನೇ ಎತ್ತಿದೆ. ನೀರು ಒಳಗೆ ಹೋಗುವುದು ತಿಳಿಯುತ್ತಿತ್ತು, ಗಂಟಲು ಮಾತ್ರ ನೆನೆಯಲಿಲ್ಲ. “ಕಲ್ಯಾಣದುರ್ಗದಲ್ಲಿ ನೀರೇ ಸಿಗಲ್ವೇನೇ? ಬಾವೀನೇ ಖಾಲಿ ಮಾಡ್ತೀಯಲ್ಲ” ಎಂದು ಅಮ್ಮ ತಮಾಷೆ ಮಾಡಿದಳು. ಹೊತ್ತು ಮುಳುಗುವವರೆಗೆ ಹಾಗೇ ಇದ್ದು, ತಾನಾಗಿಯೇ ಹೋಯಿತು. ಬಸ್ಸಿನ ಬಿಸಿಲಿಗೆ ಆಗಿದ್ದು ಎಂದುಕೊಂಡೆ.

ಮೂರನೆಯ ದಿನ ಹಿಂದಿರುಗುವಾಗ ಬಸ್ಸು ಸೋಮಂದೇಪಲ್ಲಿಗೆ ಬರುವಷ್ಟರಲ್ಲಿ ನನಗೆ ಭಯ ಹಿಡಿಯಿತು. ಓಬುಳಮ್ಮನ ಬಿರಿದ ತುಟಿಯೇ ಕಣ್ಣ ಮುಂದೆ. ಕಲ್ಯಾಣದುರ್ಗದಲ್ಲಿ ಇಳಿದು ಓಡುನಡಿಗೆಯಲ್ಲಿ ಕೇಂದ್ರಕ್ಕೆ ಬಂದೆ. ಬೀಗ ಹಾಕಿದ್ದು ಹಾಗೇ ಇತ್ತು, ಚೀಲ ಇಟ್ಟಲ್ಲೇ ಇತ್ತು. ಅದನ್ನೆತ್ತಿಕೊಂಡು ಕೇರಿಯ ಕಡೆ ಹೋಗುವಾಗ ಅಳುವ ಸದ್ದು ಕೇಳೀತೇ ಎಂದು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಓಬುಳಮ್ಮ ಗೋಡೆಗೊರಗಿ ಕುಳಿತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮೈ ಮುಟ್ಟಿ ನೋಡಿದೆ, ಜ್ವರವಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಹನುಮಕ್ಕ ನನ್ನ ಕಾಲು ಮುಟ್ಟಲು ಬಾಗಿದಳು.

“ನಾಳೆ ಬರ್ತೀನಿ ಅಂದಿದ್ರಲ್ಲ, ಅವತ್ತು ನೀವು ಬರ್ದೇ ಇದ್ದಿದ್ರೆ ಇವ್ಳು ಮಣ್ಣಾಗೋಗ್ಬುಡೋಳು ಕಣಮ್ಮ. ಮೈಯೆಲ್ಲ ಕೆಂಡ, ಏನೇನೋ ಬಡಬಡಿಸ್ತಿದ್ಲು. ನೆತ್ತಿ ಮ್ಯಾಗೆ ಬಿಸ್ಲಿದ್ದಂಗೆ ಬಂದ್ಬುಟ್ರಿ. ಚಾಪೆ ಮ್ಯಾಗೆ ಕುಂತ್ಕಂಡ್ರಿ. ನಮ್ ಚೆಂಬೇ ಇಸ್ಕಂಡು ಅರ್ಧ ನೀವು ಕುಡುದ್ರಿ, ‘ನೋಡು, ನನಗೇನಾಯ್ತು?’ ಅಂದು ಮಿಕ್ಕಿದ್ದ ಇವ್ಳಿಗೆ ಕುಡುಸುದ್ರಿ. ಹೊಟ್ಟೆ ನೀವುದ್ರಿ, ಬಟ್ಟೆಯೆಲ್ಲ ಕುದುಸ್ದ್ರಿ. ಹೊತ್ತು ಮುಳುಗೋಗಂಟ ಕುಡುಸ್ತಾನೇ ಇದ್ರಿ. ನಮ್ಮನೇಲಿ ನೀರು ಕುಡುದ್ರಲ್ಲಮ್ಮ ನೀವು!” ಎನ್ನುತ್ತ ಕಣ್ಣೊರೆಸಿಕೊಂಡಳು.

ಓಬುಳಮ್ಮ ತೆಲುಗು ಊರಿನಿಂದ ಬಂದವಳು. “ನೀ ಚೇಯಿ ಎಂತ ಚಲ್ಲಗಾ ಉಂಡೆಮ್ಮಾ” ಎಂದಳು, ನಿನ್ನ ಕೈ ಎಷ್ಟು ತಣ್ಣಗಿತ್ತಮ್ಮಾ ಎಂದು.

ನಾನು ಬಂದಿರಲಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೌದೆಂಬಂತೆ ತಲೆಯಾಡಿಸಿದೆ.

ಆಮೇಲೆ ಬಹಳ ಯೋಚಿಸಿದ್ದೇನೆ. ಹತ್ತಿರವೆಂದರೆ ಕಲ್ಯಾಣದುರ್ಗದ ಆಸ್ಪತ್ರೆಯಲ್ಲೇ ಇನ್ನೊಬ್ಬ ನರ್ಸು. ಆಕೆ ಆ ವಾರ ನಮ್ಮ ಹಳ್ಳಿಯತ್ತ ಸುಳಿದಿರಲಿಲ್ಲ. ಆಯಾ ಬಂದಿದ್ದೇ ನನ್ನ ನಂತರ. ಊರಿನಲ್ಲೂ ಸುತ್ತಿ ಬಳಸಿ ಕೇಳಿದೆ. ನೇರವಾಗಿ ಕೇಳುವ ಹಾಗಿರಲಿಲ್ಲ, ‘ಹಾಗಾದರೆ ನೀನೆಲ್ಲಿದ್ದೆ?’ ಎಂದರೆ ಏನು ಹೇಳಲಿ? ಹಾಗಾಗಿ ವಿಚಾರಿಸಬೇಕಾದಷ್ಟು ವಿಚಾರಿಸಲೂ ಇಲ್ಲ. ಜ್ವರದವಳ ಕಣ್ಣಿಗೆ ಏನೋ ಕಂಡಿತು ಎನ್ನೋಣವೆಂದರೆ, ಹನುಮಕ್ಕನಿಗೆ ಜ್ವರವಿರಲಿಲ್ಲ. ನನ್ನ ಪುಸ್ತಕದ ಸುಳ್ಳನ್ನು ಯಾರೋ ನಿಜ ಮಾಡಿಹೋಗಿದ್ದರು. ಯಾರೆಂದು ಇವತ್ತಿಗೂ ನನಗೆ ತಿಳಿಯದು.

ಇಲ್ಲಿಗೇ ನಿಲ್ಲಿಸಿದರೆ ನನ್ನ ಮಾನ ಸ್ವಲ್ಪವಾದರೂ ಉಳಿದೀತು. ಆದರೆ ಆ ದಿನದ ಒಂದು ಮಾತನ್ನು ಇಷ್ಟು ಹೊತ್ತು ಮುಚ್ಚಿಟ್ಟಿದ್ದೇನೆ. ಕಣ್ಣೊರೆಸಿಕೊಂಡ ಹನುಮಕ್ಕ ಒಳಗೆ ಹೋಗಿ ಅದೇ ಚೆಂಬನ್ನು ತಂದಳು. ಬೂದಿ ಹಾಕಿ ಬೆಳಗಿದ ಚೆಂಬು, ಅಂಚಿನವರೆಗೂ ನೀರು. ಈಗ ಅವಳಿಗೆ ಸಂಕೋಚವಿರಲಿಲ್ಲ. ನಗುತ್ತಲೇ ಮುಂದೆ ಚಾಚಿದಳು. ಅಷ್ಟು ದೂರ ಓಡಿಕೊಂಡು ಬಂದಿದ್ದೆ, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆದರೂ ನನ್ನ ಕೈ ಏಳಲಿಲ್ಲ.

“ಬೇಡಮ್ಮ, ಈಗ ತಾನೇ ಕುಡಿದು ಬಂದೆ” ಎಂದೆ.

ಚಾಚಿದ ಚೆಂಬು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹನುಮಕ್ಕ ಅದನ್ನು ಸೊಸೆಯ ಕೈಗೆ ಕೊಟ್ಟಳು. ಓಬುಳಮ್ಮ ಗಟಗಟ ಕುಡಿದಳು.

“ಅವತ್ತು ಬಂದಿದ್ದು ನೀವೇ ಅಲ್ವಾ ಅಮ್ಮ?” ಎಂದಳು ಹನುಮಕ್ಕ.

“ನಾನೇ. ಇನ್ಯಾರು ಬರ್ತಾರೆ?” ಎಂದೆ.

ಅವಳು ಮೆಲ್ಲಗೆ ಕಣ್ಣು ತಗ್ಗಿಸಿ ನನ್ನ ಪಾದಗಳನ್ನು ನೋಡಿದಳು.